ಮದ್ರಾಸಿನ ಹಲಗೆ, ಕಾರ್ಕಳದ ಕೈ

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಭಾನುವಾರದ ಬೆಳಗು ‘ವೈಶಾಲಿ’ಯ ಮುಂದಿನ ಸರದಿಯೊಂದಿಗೆ ಆರಂಭವಾಗುತ್ತದೆ. ವಾಯುವಿಹಾರ ಮುಗಿಸಿದ ಹಿರಿಯರು, ಹಾಸ್ಟೆಲಿನ ಹುಡುಗರು, ಮೂರು ತಲೆಮಾರು ಒಟ್ಟಿಗೆ ಬಂದ ಪೇಠೆಗಳ ಕುಟುಂಬಗಳು ಇಡ್ಲಿಗಾಗಿ, ಮೈಸೂರು ಮಸಾಲೆಗಾಗಿ, ಫಿಲ್ಟರ್ ಕಾಫಿಗಾಗಿ ಕಾಯುತ್ತಾರೆ. ಅವರ ಪಾಲಿಗೆ ಇದು ಹೊರನಾಡಿನ ತಿಂಡಿಯಲ್ಲ, ಪುಣೆಯದೇ ವಾಡಿಕೆ. ಈ ವಾಡಿಕೆಯನ್ನು ಕಟ್ಟಿದವರು ನಮ್ಮ ಕರಾವಳಿಯವರು. ಆದರೂ ಪುಣೆಯ ಕನ್ನಡಿಗರ ಚರಿತ್ರೆಯನ್ನು ಹೇಳುವಾಗ ನಾವು ಅವರನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಹೊರಗೆ ತಿನ್ನುವುದೇ ಈ ಊರಿನಲ್ಲಿ ಒಂದು ಕಾಲಕ್ಕೆ ದೋಷವಾಗಿತ್ತು. 1890ರ ಅಕ್ಟೋಬರಿನಲ್ಲಿ ಪಂಚ್ ಹೌದ್ ಮಿಷನ್ನಿನಲ್ಲಿ ನಡೆದ ಸಭೆಯ ಬಳಿಕ ಅತಿಥಿಗಳಿಗೆ ಚಹಾ, ಬಿಸ್ಕತ್ತು ನೀಡಲಾಯಿತು. ಆಹ್ವಾನಿತರಲ್ಲಿ ಟಿಳಕರೂ ಮಹಾದೇವ ಗೋವಿಂದ ರಾನಡೆಯವರೂ ಇದ್ದರು. ಗೋಪಾಳರಾವ ಜೋಶಿಯವರು ಹಾಜರಿದ್ದವರ ಹೆಸರುಗಳನ್ನು ಪತ್ರಿಕೆಯಲ್ಲಿ ಬಯಲು ಮಾಡಿದರು. ದೂರು ಶಂಕರಾಚಾರ್ಯರವರೆಗೂ ಹೋಯಿತು. ಕೊನೆಗೆ ಇಬ್ಬರೂ ಪ್ರಾಯಶ್ಚಿತ್ತದ ದಾರಿ ಹಿಡಿಯಬೇಕಾಯಿತು. ಒಂದು ಬಟ್ಟಲು ಚಹಾ ಇಷ್ಟು ದೊಡ್ಡ ವ್ಯಾಜ್ಯವಾದ ಊರಿನಲ್ಲಿ, ಅರುವತ್ತೇ ವರ್ಷಗಳ ನಂತರ, ಗೃಹಸ್ಥರು ಮಡದಿ ಮಕ್ಕಳೊಡನೆ ಹೋಟೆಲಿನಲ್ಲಿ ಕುಳಿತು ದೋಸೆ ಮುರಿಯತೊಡಗಿದರು.

ನಡುವೆ ಇರಾನಿಗಳು ಬಂದಿದ್ದರು. ಡೆಕ್ಕನ್ ಜಿಮಖಾನಾದ ‘ಗುಡ್‌ಲಕ್’ 1935ರಲ್ಲಿ ತೆರೆಯಿತು. ಅಲ್ಲಿನ ಬನ್ ಮಸ್ಕಾ ಮತ್ತು ಚಹಾದ ರುಚಿ ನಮಗೂ ಗೊತ್ತು. ಆದರೆ ಮೊಟ್ಟೆ, ಖೀಮಾ ಬೇಯುವ ಅಡುಗೆಮನೆ ಸಂಪ್ರದಾಯಸ್ಥರ ಸಂಕೋಚವನ್ನು ಪೂರ್ತಿ ಕಳೆಯಲಾರದು. ಆ ಸಂಕೋಚವನ್ನು ಕರಗಿಸಿದ್ದು ‘ಉಡುಪಿ’ ಎಂಬ ಹೆಸರು ಎಂದು ನಮ್ಮ ಎಣಿಕೆ. ಅಷ್ಟಮಠಗಳ ಪಾಕಶಾಲೆಯ ಶುಚಿಯ ಕೀರ್ತಿ ಆ ಹೆಸರಿಗೆ ಅಂಟಿಕೊಂಡಿತ್ತು. ತಮಾಷೆಯೆಂದರೆ, ಮಠದ ಅಡುಗೆಗೆ ಈರುಳ್ಳಿ ನಿಷಿದ್ಧ. ಮಸಾಲೆ ದೋಸೆಯ ಪಲ್ಯಕ್ಕೆ ಈರುಳ್ಳಿಯೇ ಜೀವ. ಶಿವಳ್ಳಿ ಬ್ರಾಹ್ಮಣರು ಆರಂಭಿಸಿದ ಈ ವೃತ್ತಿಯನ್ನು ಮುಂಬಯಿ, ಪುಣೆಗಳಲ್ಲಿ ಬಹುಮಟ್ಟಿಗೆ ಬೆಳೆಸಿದವರು ಬಂಟರು. ಬಟ್ಟಲು ಕೊಟ್ಟವರು ಯಾರೆಂದು ವಿಚಾರಣೆ ನಡೆಸಿದ್ದ ಊರು ಆಗ ಯಾರನ್ನೂ ಏನನ್ನೂ ಕೇಳಲಿಲ್ಲ.

1923ರ ಮಹಾನೆರೆಯ ನಂತರ ದಕ್ಷಿಣ ಕನ್ನಡದಿಂದ ಮುಂಬಯಿಯತ್ತ ವಲಸೆ ಹೆಚ್ಚಿತು. ಎ. ರಾಮ ನಾಯಕರು ಮಾಟುಂಗಾದಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಅದೇ ಪ್ರವಾಹದ ಒಂದು ಕವಲು ಪುಣೆಗೂ ಬಂತು. ಕಾರ್ಕಳ ಸೀಮೆಯಲ್ಲಿ 1932ರಲ್ಲಿ ಹುಟ್ಟಿದ ಜಗನ್ನಾಥ ಶೆಟ್ಟರು ಹುಡುಗರಾಗಿದ್ದಾಗಲೇ ಕಲ್ಯಾಣಕ್ಕೆ ಬಂದು ಬಂಧುಗಳ ಹೋಟೆಲಿನಲ್ಲಿ ದುಡಿದು, ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಪುಣೆ ಸೇರಿದರು. ಅವರ ‘ಕೆಫೆ ಮದ್ರಾಸ್’ ಮುಂದೆ ‘ರೂಪಾಲಿ’ಯಾಯಿತು, ‘ಮದ್ರಾಸ್ ಹೆಲ್ತ್ ಹೋಮ್’ ‘ವೈಶಾಲಿ’ಯಾಯಿತು.

ಮದ್ರಾಸ್ ಏಕೆ? ಉತ್ತರದವರ ಅಜ್ಞಾನಕ್ಕೆ ತಲೆಬಾಗಿ ಇಟ್ಟ ಹೆಸರೆಂದು ನಾವು ಬೇಸರಪಡುವುದುಂಟು. ಆದರೆ 1956ರ ನವೆಂಬರಿನವರೆಗೆ ದಕ್ಷಿಣ ಕನ್ನಡವು ಆಡಳಿತದಲ್ಲಿ ಮದ್ರಾಸಿಗೇ ಸೇರಿತ್ತು. ಧಾರವಾಡದ ಹುಡುಗ ಪುಣೆಗೆ ಬಂದರೆ ತನ್ನದೇ ಮುಂಬಯಿ ಪ್ರಾಂತದೊಳಗೆ ಓಡಾಡಿದಂತೆ. ಕಾರ್ಕಳದ ಹುಡುಗ ಬಂದರೆ ಪ್ರಾಂತವನ್ನೇ ದಾಟಿದಂತೆ. ಹಲಗೆ ಹೇಳಿದ್ದು ಅಂದಿನ ನಿಜವನ್ನೇ. ಬಳಿಕ ಮದ್ರಾಸ್ ಹೋಗಿ ಗಂಗೆಯ ಬಯಲಿನ ವೈಶಾಲಿ ಬಂತು, ಅದರ ಜೊತೆಗೆ ಶೆಟ್ಟರದೇ ‘ಆಮ್ರಪಾಲಿ’ಯೂ ಬಂತು. ದಾರಿಯಲ್ಲಿ ಕಾರ್ಕಳ ಮಾತ್ರ ಎಲ್ಲಿಯೂ ತಂಗಲಿಲ್ಲ.

ಎಂ.ಎ.ಗೆ ಓದುವಾಗ ಲಂಡನ್ನಿನ ಕಾಫಿಮನೆಗಳ ಬಗ್ಗೆ, ಡ್ರೈಡನ್ ಕೂರುತ್ತಿದ್ದ ‘ವಿಲ್ಸ್’ ಬಗ್ಗೆ ನಾವು ಪುಟಗಟ್ಟಲೆ ಬರೆದದ್ದುಂಟು. ನಮ್ಮ ಕೈಯ ಲೋಟದ ಕಾಫಿಯನ್ನು ಯಾರು ಇಲ್ಲಿಗೆ ತಂದರೆಂದು ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ಆ ತಟ್ಟೆಯ ಹಿಂದಿನ ಶ್ರಮವನ್ನು ತುಸು ನೋಡಬೇಕು. ಕರಾವಳಿಯ ಸೆಕೆಯಲ್ಲಿ ರುಬ್ಬಿಟ್ಟ ಹಿಟ್ಟು ರಾತ್ರಿ ಕಳೆಯುವುದರೊಳಗೆ ತಾನಾಗಿ ಉಬ್ಬುತ್ತದೆ. ಪುಣೆಯ ಡಿಸೆಂಬರಿನ ಒಣ ಚಳಿಯಲ್ಲಿ ಅದು ಜಡವಾಗಿ ಮಲಗಿಬಿಡುತ್ತದೆ. ಬೇಗ ರುಬ್ಬಬೇಕು, ಒಲೆಯ ಬಿಸುಪಿನ ಬಳಿ ಇಡಬೇಕು, ನಸುಕಿನಲ್ಲಿ ಎದ್ದು ನೋಡಬೇಕು. ಯಂತ್ರಗಳಿಲ್ಲದ ಕಾಲದಲ್ಲಿ ಈ ಕೆಲಸ ಬೀಳುತ್ತಿದ್ದದ್ದು ರುಬ್ಬುವ ಕಲ್ಲಿನ ಮುಂದೆ ಕುಳಿತ ಹುಡುಗರ ತೋಳುಗಳ ಮೇಲೆ. ಬೆರಳು ತಾಗಿದರೆ ಕುಸಿಯುವಷ್ಟು ಮೃದುವಾದ ಇಡ್ಲಿ, ಬೆಲ್ಲದ ಸುಳಿವಿರುವ ಸಾಂಬಾರು, ಒಳಮೈಗೆ ಕೆಂಪು ಚಟ್ನಿ ಸವರಿದ ಗರಿಯಾದ ದೋಸೆ, ನೊರೆ ಆರದ ಕಾಫಿ: ಇಷ್ಟು ಬೆಳಿಗ್ಗೆ ಏಳಕ್ಕೆ ಎದುರಿಗೆ ಬಂದಾಗ ಮಾತು ತಾನಾಗಿ ನಿಲ್ಲುತ್ತದೆ. ಸಾಂಬಾರಿಗೆ ಸಂಭಾಜಿಯ ಹೆಸರು ಬಂತೆಂಬ ತಂಜಾವೂರಿನ ಕಥೆಯನ್ನು ಪಕ್ಕದ ಮೇಜಿನವರು ಅಭಿಮಾನದಿಂದ ಹೇಳುವುದುಂಟು. ಕಥೆ ಸೊಗಸಾಗಿದೆ, ಆಧಾರ ತೆಳು. ಇಡ್ಲಿಯ ಮಾತೇ ಬೇರೆ: ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ‘ಇಡ್ಡಲಿಗೆ’ ಇದೆ. ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಇಡ್ಲಿಯ ಜೊತೆಗೆ ದೋಸೆಯ ಪೂರ್ವಜನೂ ಸಿಗುತ್ತಾನೆ. ಅವನ ಕಲ್ಯಾಣ ನಮ್ಮ ಬಸವಕಲ್ಯಾಣ. ಶೆಟ್ಟರು ದುಡಿದದ್ದು ಮುಂಬಯಿ ಪಕ್ಕದ ಕಲ್ಯಾಣ.

ಪುಣೆಯ ಕನ್ನಡವೆಂದರೆ ನಮಗೆ ಥಟ್ಟನೆ ನೆನಪಾಗುವುದು ಇದೇ ರಸ್ತೆಯ ಕಾಲೇಜಿನಿಂದ 1918ರಲ್ಲಿ ಬಿ.ಎ. ಮುಗಿಸಿದ ಬೇಂದ್ರೆಯವರು, ಅಲ್ಲಿಯೇ ಇಂಗ್ಲಿಷ್ ಕಲಿಸಿದ ಗೋಕಾಕರು. ಅದು ಸಹಜ. ಆದರೆ ರಸ್ತೆಯ ಆಚೆ ಬದಿಯಲ್ಲಿ ತಮ್ಮೊಳಗೆ ತುಳುವಿನಲ್ಲಿ ಮಾತಾಡುತ್ತ, ಮನೆಗೆ ಕನ್ನಡದಲ್ಲಿ ಕಾಗದ ಬರೆಯುತ್ತ, ಗಿರಾಕಿಗಳಿಗಾಗಿ ಮರಾಠಿ ಕಲಿತ ಹುಡುಗರಿದ್ದರು. ಮುಂಬಯಿಯಲ್ಲಿ ಅಂಥವರಿಗಾಗಿ ಕನ್ನಡ ರಾತ್ರಿಶಾಲೆಗಳು ನಡೆದವು. ಹಾಗಾಗಿ ಅಲ್ಲಿನ ಹೋಟೆಲು ಹುಡುಗನಿಗೆ ಕನ್ನಡ ಸಾಹಿತ್ಯದಲ್ಲಿಯೂ ಒಂದು ಮೂಲೆ ಸಿಕ್ಕಿತು. ಪುಣೆಯ ಹುಡುಗನಿಗೆ ಅಷ್ಟು ಅದೃಷ್ಟವಿದ್ದಂತಿಲ್ಲ.

ಜಗನ್ನಾಥ ಶೆಟ್ಟರು 2023ರ ನವೆಂಬರಿನಲ್ಲಿ, ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಪುಣೆ ತನ್ನ ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡಂತೆ ದುಃಖಿಸಿತು. ಅವರಂಥವರ ಬಳಿ ಕಲ್ಲು ತಿರುಗಿಸಿದ, ತಟ್ಟೆ ಎತ್ತಿದ ಕೆಲವರು ಈಗಲೂ ಕಾರ್ಕಳ, ಕುಂದಾಪುರದ ಕಡೆ ತಮ್ಮ ಮನೆಗಳಲ್ಲಿ ಇದ್ದಾರು. ಬೇಸಿಗೆ ರಜೆಗೆ ಊರಿಗೆ ಹೋಗುವ ಬಳಗದವರು ಅಂಥವರ ಜಗಲಿಯಲ್ಲಿ ಒಂದು ಸಂಜೆ ಕುಳಿತು, ಯಾವ ವರ್ಷ ಪುಣೆಗೆ ಬಂದದ್ದು, ತಿಂಗಳ ಸಂಬಳವೆಷ್ಟು, ರಾತ್ರಿ ಮಲಗುತ್ತಿದ್ದದ್ದೆಲ್ಲಿ, ಹಿಟ್ಟು ಉಬ್ಬದ ದಿನ ಏನು ಮಾಡುತ್ತಿದ್ದರು ಎಂದು ಕೇಳಿ ಬರೆದುಕೊಂಡು ಬಂದರೆ ಇಲ್ಲಿ ಪ್ರಕಟಿಸೋಣ.