ತಂಗಡಿ ಗಿಡ ಗೊತ್ತೇ? ಹಬ್ಬದ ಹೂವಿನ ಹಿಂದಿರುವ ತೊಗಲಿನ ಕಥೆ

ದೀಪಾವಳಿ ಪಾಡ್ಯಕ್ಕೆ ನಮ್ಮ ಮನೆಯಲ್ಲಿ ಸೆಗಣಿಯ ಪಾಂಡವರನ್ನು ಮಾಡಿ, ತಲೆಗೆ ಹಳದಿ ತಂಗಡಿ ಹೂ ಸಿಕ್ಕಿಸುತ್ತಾರೆ. ನಾವು ಸಣ್ಣವರಿದ್ದಾಗ ಅದು ಹೊಲದ ಬದುವಿನಲ್ಲೇ ಸಿಗುತ್ತಿತ್ತು. ಹೋದ ವರ್ಷ ಮುನಿರಾಬಾದ್ ಹತ್ತಿರ ಕಾಲುವೆ ದಂಡೆಗುಂಟ ಒಂದು ತಾಸು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಗುಡ್ಡದ ಕಡೆ ಹೋಗಿ ತಂದೆ.

ತಂಗಡಿಗೆ ಆವರಿಕೆ ಅಂತಲೂ ಹೆಸರಿದೆ. ಇದರ ತೊಗಟೆಯಲ್ಲಿ ಒಗರು ಹೆಚ್ಚು. ಹಿಂದೆ ದಕ್ಷಿಣ ಭಾರತದಲ್ಲೆಲ್ಲ ತೊಗಲು ಹದ ಮಾಡಲು ಇದನ್ನೇ ಬಳಸುತ್ತಿದ್ದರು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಆಮೇಲೆ ತೊಗಟೆ ನೀರಿನಲ್ಲಿ ಇಡುತ್ತಿದ್ದರು. ರೈತರ ಚಪ್ಪಲಿ, ಎತ್ತಿನ ಮಿಣಿ, ಬಾವಿ ನೀರೆತ್ತುವ ಕಪಲಿಯ ಬಾನಿ ಎಲ್ಲಕ್ಕೂ ಹದ ಮಾಡಿದ ತೊಗಲೇ ಬೇಕಿತ್ತು. ಈ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಮಾದಿಗ, ಸಮಗಾರ ಸಮುದಾಯದವರು. ಹೂ ಮನೆಯೊಳಗೆ ಬಂತು, ತೊಗಟೆ ಕುಟ್ಟಿದವರನ್ನು ಊರು ಹೊರಗೇ ಇಟ್ಟಿತು.

ಮುಂದೆ ಪರದೇಶದ ವಾಟಲ್ ತೊಗಟೆ, ಕ್ರೋಮ್ ರಾಸಾಯನಿಕ ಬಂದವು. 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ತುಂಗಭದ್ರಾ ಅಣೆಕಟ್ಟೆ ಕೆಲಸ ಶುರು ಮಾಡಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಕಾಲುವೆ, ಪಂಪ್‌ಸೆಟ್ ಬಂದ ಮೇಲೆ ಕಪಲಿ ಯಾರಿಗೆ ಬೇಕು? ಬದುಗಳೂ ಸಣ್ಣವಾದವು.

1956ರವರೆಗೆ ನಮ್ಮ ಕೊಪ್ಪಳ ಸೀಮೆಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅದೇ ರಾಜ್ಯದಲ್ಲಿದ್ದ ತೆಲಂಗಾಣದಲ್ಲಿ ಇಂದು ತಂಗೇಡು ರಾಜ್ಯದ ಹೂ. ಅಲ್ಲಿ ಬತುಕಮ್ಮ ಹಬ್ಬಕ್ಕೆ ಅದು ಬೇಕೇ ಬೇಕು.

ಗುರುತು ಹಿಡಿಯುವುದು ಸುಲಭ. ಐದು ಎಸಳಿನ ಗಾಢ ಹಳದಿ ಹೂ, ತೆಳ್ಳಗಿನ ಚಪ್ಪಟೆ ಕಾಯಿ. ಎಲೆಕಡ್ಡಿ ಕಾಂಡಕ್ಕೆ ಸೇರುವಲ್ಲಿ ಕಿವಿಯಂಥ ಅಗಲ ಎಸಳು ಇರುತ್ತದೆ. ಸಸ್ಯಶಾಸ್ತ್ರದ ಹೆಸರಿನಲ್ಲಿರುವ ‘ಆರಿಕ್ಯುಲೇಟಾ’ ಅಂದರೂ ಕಿವಿಯುಳ್ಳದ್ದು ಅಂತಲೇ ಅರ್ಥ. ತಗಚಿ ಗಿಡಕ್ಕೆ ಈ ಕಿವಿ ಇರುವುದಿಲ್ಲ.

ಬೆಳೆಸಬೇಕೆಂದರೆ ಒಣಗಿದ ಕಾಯಿಯ ಬೀಜ ತನ್ನಿ. ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿ, ಮುಂಗಾರಿನಲ್ಲಿ ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೇರವಾಗಿ ಊರಿ. ತಾಯಿಬೇರು ಆಳಕ್ಕೆ ಹೋಗುವುದರಿಂದ ದೊಡ್ಡ ಗಿಡ ಕಿತ್ತು ನೆಟ್ಟರೆ ಹಿಡಿಯುವುದು ಕಷ್ಟ. ದನ, ಆಡು ಸಾಮಾನ್ಯವಾಗಿ ಮೇಯುವುದಿಲ್ಲ. ಬೇರೂರಿದ ಮೇಲೆ ಮಳೆ ನೀರೇ ಸಾಕು.

ಈ ಸಲ ನಮ್ಮ ಹಿತ್ತಲಲ್ಲಿ ನಾಲ್ಕು ಬೀಜ ಊರಿದ್ದೇನೆ. ಎರಡು ಹುಟ್ಟಿವೆ. ಹೂ ಬಿಟ್ಟಾಗ ಮಕ್ಕಳಿಗೆ ಪಾಂಡವರ ಕಥೆಯ ಜೊತೆ ತೊಗಲಿನ ಕಥೆಯನ್ನೂ ಹೇಳಬೇಕು.