ಹೆಜ್ಜೆ ಕಲಿತ ಸಂಶೋಧನೆ

ಪ್ರಯೋಗಾಧಾರಿತ ಸಂಶೋಧನೆ ಎಂಬ ಹೆಸರು ರಂಗಭೂಮಿ ವಿಭಾಗಗಳಲ್ಲಿ ರೂಢಿಯಾಗುವ ಮೊದಲೇ ಉಡುಪಿಯ ಪರಿಸರದಲ್ಲಿ ಅಂಥದೊಂದು ಶೋಧ ನಡೆದಿತ್ತು. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕಿ ಮಾರ್ತಾ ಆಷ್ಟನ್ ಬಡಗುತಿಟ್ಟಿನ ಬಯಲಾಟವನ್ನು ನೋಡಿ ಟಿಪ್ಪಣಿ ಬರೆದುಕೊಳ್ಳುವಷ್ಟಕ್ಕೇ ನಿಲ್ಲದೆ, ಹಿರಿಯಡಕ ಗೋಪಾಲರಾಯರಲ್ಲಿ ಹೆಜ್ಜೆ ಕಲಿತು ವೇಷ ಕಟ್ಟಿದರು. ಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡುತ್ತಿದ್ದ ಕಾಲವದು. ಗೋಪಾಲರಾಯರಾದರೋ ಏರು ಮದ್ದಳೆಗೆ ಹೆಸರಾದ ಮದ್ದಳೆಗಾರರು. ಕುಣಿತವನ್ನು ಹಿಮ್ಮೇಳದ ಕಡೆಯಿಂದ ಬಲ್ಲ ಗುರು ದೊರೆತುದು ಸಣ್ಣ ಸಂಗತಿಯಲ್ಲ: ಬಾಯಿತಾಳ, ಹೆಜ್ಜೆ, ಮದ್ದಳೆಯ ಪೆಟ್ಟು ಮೂರೂ ಒಬ್ಬರಲ್ಲೇ ಇದ್ದವು.

1972ರಲ್ಲಿ ಪಿಎಚ್.ಡಿ. ಪ್ರಬಂಧ ಸಿದ್ಧವಾಯಿತು, ಬ್ರೂಸ್ ಕ್ರಿಸ್ಟಿಯವರೊಡನೆ ಬರೆದ ಇಂಗ್ಲಿಷ್ ಗ್ರಂಥ 1977ರಲ್ಲಿ ಹೊರಬಂದಿತು. ಬರಹದ ಶೋಧಕ್ಕೆ ಅದಕ್ಕೂ ಮೊದಲು ಮನ್ನಣೆ ಇಲ್ಲದಿರಲಿಲ್ಲ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ 1959ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿತ್ತು. ಕೊರತೆ ಇದ್ದುದು ಬೇರೆಡೆ. ಪದವಿ ಸಲ್ಲುವುದು ಬರೆದ ಪ್ರಬಂಧಕ್ಕೆ. ಕಾಲಿಗೆ ಹೆಜ್ಜೆ ಹೇಳಿಕೊಟ್ಟವರ ವಿದ್ಯೆ ಆ ಪ್ರಬಂಧದಲ್ಲಿ ಮಾಹಿತಿ ಎನಿಸಿಕೊಳ್ಳುತ್ತದೆ, ಶಾಸ್ತ್ರವೆನಿಸುವುದಿಲ್ಲ. ಇಂದು ನೀಲಗಿರಿಯಲ್ಲಿ ಕೋತರ ವಾದ್ಯವನ್ನೋ ಬಡಗರ ಕುಣಿತವನ್ನೋ ಕಲಿತು ಬರೆಯಹೊರಡುವ ವಿದ್ಯಾರ್ಥಿಯ ಮುಂದೆಯೂ ಇದೇ ಪ್ರಶ್ನೆಯಿದೆ: ಕಲಿಸಿದವರ ಹೆಸರು ಕೃತಜ್ಞತೆಯ ಪುಟದಲ್ಲಿರಬೇಕೋ, ಕರ್ತೃಗಳ ಸಾಲಿನಲ್ಲೋ?