ಡಯಲ್

ಲ್ಯಾಟಿನ್‌ನಲ್ಲಿ ದಿನಕ್ಕೆ ‘ದಿಯೆಸ್’ ಎನ್ನುತ್ತಾರೆ. ‘ಡಯಲ್’ ಅದೇ ಬೇರಿನದು: ಮೊದಲು ನೆರಳುಗಡಿಯಾರ, ಆಮೇಲೆ ಗಡಿಯಾರದ ಮುಖ, ಕೊನೆಗೆ ಫೋನಿನ ಬೆರಳಿಟ್ಟು ತಿರುಗಿಸುವ ಬಿಲ್ಲೆ. ಬಿಲ್ಲೆ ಹೋಯಿತು, ಮಾತು ಉಳಿಯಿತು. ನಮ್ಮದೇ ‘ಕರೆ’ ಇರುವಾಗ ಇದೇಕೆ ಎನ್ನಬಹುದು. ಆಕ್ಷೇಪ ತೀರಾ ಹಗುರವಲ್ಲ. ಆದರೆ ಕರೆಗೆ ಓಗೊಡುವವರು ಬೇಕು, ಡಯಲ್ ಎಂದರೆ ಅಂಕಿ ಕಳಿಸಿದ್ದಷ್ಟೇ. ಮೋಡೆಮ್ ಮೂಲಕ ದೂರದ ರೂಟರ್ ಹೊಗುವಾಗ ದೋಷದ ಜಾಗ ತೋರಿಸುವುದು ಈ ವ್ಯತ್ಯಾಸವೇ. ಉದಾಹರಣೆಗೆ, ಮಂಡ್ಯ, ಮದ್ದೂರಿನ ಎಸ್‌ಟಿಡಿ ಕೋಡ್ 08232, ಮಳವಳ್ಳಿಯದು 08231. ಮದ್ದೂರಿನಿಂದ ಮಂಡ್ಯಕ್ಕೆ ಬರಿಯ ನಂಬರು ಸಾಕು. ಅದನ್ನೇ ಮಳವಳ್ಳಿಯ ಮೋಡೆಮ್‌ಗೆ ಕೊಟ್ಟರೆ ಡಯಲ್ ಆಗುತ್ತದೆ, ಮಂಡ್ಯದಲ್ಲಿ ರಿಂಗ್ ಆಗುವುದಿಲ್ಲ. ರಿಂಗೂ ಆಗಿ, ಮೋಡೆಮ್‌ಗಳ ಕಿರ್ರೆನ್ನುವ ಸದ್ದೂ ಮುಗಿದು, ಪಾಸ್‌ವರ್ಡ್ ಬಳಿ ತಡೆದರೆ ಡಯಲನ್ನು ಬೈಯಬಾರದು. ಆ ಪಾಪ ಲಾಗಿನ್‌ನದು.